ಕರ್ನಲ್‌ನ ಲಿಸ್ಟ್ ಡಾಟ್ ಎಚ್: ನಾಲ್ಕು ಸ್ಟಾರ್ ಕೊಟ್ಟಿದೀನಿ, ಐದನೇದನ್ನ "ಸೇಫ್" ನುಂಗ್ತು

ಫೋನಿಗೆ, ಇಯರ್‌ಫೋನಿಗೆ ರಿವ್ಯೂ ಬರೆಯೋರು ಬೇಕಾದಷ್ಟು ಜನ ಇದಾರೆ. ನಾನು ದಿನಾ ಬೆಳಗಾದ್ರೆ ಮುಟ್ಟೋದು ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಲಿಂಕ್ಡ್ ಲಿಸ್ಟು, ಅಂದ್ರೆ ಒಬ್ಬೊಬ್ಬ ಐಟಂ ಮುಂದಿನವನ ವಿಳಾಸ ಇಟ್ಕೊಂಡು ನಿಲ್ಲೋ ಸಾಲು, ಅದಕ್ಕೇ ಒಂದು ರಿವ್ಯೂ ಬರೆದ್ರೆ ತಪ್ಪೇನು ಅನ್ನಿಸ್ತು. ಲಿಸ್ಟ್ ಡಾಟ್ ಎಚ್ ಅನ್ನೋ ಹೆಡರ್ ಫೈಲ್ ಇದು. ದುಡ್ಡು ಕೊಡೋದು ಬೇಡ, ಇನ್‌ಸ್ಟಾಲ್ ಮಾಡೋದು ಬೇಡ, ಕರ್ನಲ್ ಸೋರ್ಸ್ ಜೊತೆಗೇ ಬರುತ್ತೆ. ನಾನು ಡಿವೈಸ್ ಡ್ರೈವರ್ ಬರೆಯೋ ಕೆಲಸದವನು, ಇದನ್ನ ಬಳಸದೆ ಇರೋ ದಿನ ಕಮ್ಮಿ, ಇದರಿಂದ ಬೈಸಿಕೊಂಡ ದಿನಾನೂ ಕಮ್ಮಿ ಏನಲ್ಲ.

ಬಾಕ್ಸ್ ಬಿಚ್ಚಿದ್ರೆ ಒಳಗೆ ಏನಿದೆ ಅಂದ್ರೆ, ಹೆಚ್ಚುಕಮ್ಮಿ ಏನೂ ಇಲ್ಲ. ಎರಡೇ ಎರಡು ಪಾಯಿಂಟರು (ಮೆಮೊರಿ ವಿಳಾಸ), ಮುಂದಿನವನಿಗೆ ನೆಕ್ಸ್ಟ್, ಹಿಂದಿನವನಿಗೆ ಪ್ರೀವ್. ಲಿಸ್ಟ್_ಹೆಡ್ ಅಂತ ಹೆಸರು, 64 ಬಿಟ್ ಮಷಿನ್‌ನಲ್ಲಿ 16 ಬೈಟ್. ಡೇಟಾ ಇಡೋಕೆ ಜಾಗಾನೇ ಇಲ್ಲ! ಕಾಲೇಜಲ್ಲಿ ಬೋರ್ಡ್ ಮೇಲೆ ಡಬ್ಬಿ, ಬಾಣ, ಡಬ್ಬಿ, ಬಾಣ, ಕೊನೇಲಿ ನಲ್ (ಎಲ್ಲಿಗೂ ತೋರಿಸದ ಖಾಲಿ ವಿಳಾಸ) ಅಂತ ಬರೆದು ಕಲ್ತು ಬಂದವನು ನಾನು, ಮೊದಲ ಸಲ ಇದನ್ನ ನೋಡಿದಾಗ ಡೇಟಾ ಎಲ್ಲಿ ಸ್ವಾಮಿ ಅಂತ ಫೈಲ್ ಪೂರ್ತಿ ತಡಕಾಡಿದೀನಿ. ಇಲ್ಲಿ ಲೆಕ್ಕ ಉಲ್ಟಾ. ಲಿಸ್ಟ್ ಒಳಗೆ ನಿಮ್ಮ ಡೇಟಾ ಇರಲ್ಲ, ನಿಮ್ಮ ಡೇಟಾ ಒಳಗೆ ಲಿಸ್ಟ್ ಇರುತ್ತೆ. ರೈಲು ಬೋಗಿ ನೋಡಿದೀರಲ್ಲ, ಕೊಂಡಿ ಬೋಗಿಗೇ ಬೆಸೆದಿರುತ್ತೆ, ಬೋಗಿಯನ್ನ ಎತ್ತಿ ಇನ್ನೊಂದು ಡಬ್ಬಿಯಲ್ಲಿಟ್ಟು ಆಮೇಲೆ ಡಬ್ಬಿಗೆ ಡಬ್ಬಿ ಕಟ್ಟೋ ಕೆಲಸ ಇಲ್ಲ, ಹಾಗೆ.

ಇದರಿಂದ ಆಗೋ ಲಾಭ ಕರ್ನಲ್ ಒಳಗೆ ಕೂತವನಿಗೆ ಮಾತ್ರ ಸರಿಯಾಗಿ ಅರ್ಥ ಆಗೋದು. ಲಿಸ್ಟಿಗೆ ಸೇರಿಸೋಕೆ ಹೊಸದಾಗಿ ಮೆಮೊರಿ ಕೇಳೋದೇ ಬೇಡ. ಇಂಟರಪ್ಟ್ (ಹಾರ್ಡ್‌ವೇರ್ ಕರೆ) ಬಂದಿದೆ, ಸ್ಪಿನ್‌ಲಾಕ್ (ಒಬ್ಬರು ಮುಟ್ಟುವಾಗ ಇನ್ನೊಬ್ಬರು ಮುಟ್ಟದ ಹಾಗೆ ಹಾಕೋ ಬೀಗ) ಹಿಡ್ಕೊಂಡಿದೀರಿ, ನಿದ್ದೆ ಮಾಡೋ ಹಾಗಿಲ್ಲ, ಅಂದ್ರೆ ಕೆಲಸ ನಿಲ್ಲಿಸಿ ಕಾಯೋ ಹಾಗಿಲ್ಲ, ಅಂಥ ಹೊತ್ತಲ್ಲಿ ಒಂದು ರಿಕ್ವೆಸ್ಟನ್ನ ಸಾಲಿಗೆ ಸೇರಿಸೋಕೆ ಮೆಮೊರಿ ಸಿಗ್ಲಿಲ್ಲ ಅಂದ್ರೆ ಏನ್ಮಾಡ್ತೀರಿ? ಇಲ್ಲಿ ಆ ಪ್ರಶ್ನೆನೇ ಹುಟ್ಟಲ್ಲ, ನಾಲ್ಕು ಪಾಯಿಂಟರ್ ಬರೆದ್ರೆ ಕೆಲಸ ಮುಗೀತು, ಫೇಲ್ ಆಗೋ ದಾರಿನೇ ಇಲ್ಲ. ಜೊತೆಗೆ ಒಂದೇ ವಸ್ತು ಏಕಕಾಲಕ್ಕೆ ನಾಲ್ಕಾರು ಸಾಲಲ್ಲಿ ನಿಲ್ಲಬಹುದು, ಎಷ್ಟು ಸಾಲೋ ಅಷ್ಟು ಕೊಂಡಿ ಇಟ್ಕೊಂಡ್ರಾಯ್ತು. ಪ್ರಾಸೆಸ್‌ಗೆ, ಅಂದ್ರೆ ಓಡ್ತಿರೋ ಪ್ರೋಗ್ರಾಮಿಗೆ, ಇರೋ ಟಾಸ್ಕ್_ಸ್ಟ್ರಕ್ಟ್ (ಅದರ ಮಾಹಿತಿ ಒಟ್ಟಿಗೆ ಇಡೋ ಸಿ ಭಾಷೆಯ ಸ್ಟ್ರಕ್ಟ್) ತೆಗೆದು ನೋಡಿ, ಎಲ್ಲಾ ಪ್ರಾಸೆಸ್‌ಗಳ ಸಾಲಿಗೆ ಒಂದು ಕೊಂಡಿ, ತನ್ನ ಮಕ್ಕಳ ಸಾಲಿಗೆ ಒಂದು ತಲೆ (ಸಾಲು ಶುರುವಾಗೋ ಕೊಂಡಿ), ಅಣ್ಣತಮ್ಮಂದಿರ ಜೊತೆ ನಿಲ್ಲೋಕೆ ಇನ್ನೊಂದು ಕೊಂಡಿ, ಒಂದು ಕುಟುಂಬನೇ ಅದರೊಳಗಿದೆ.

ಕೊಂಡಿ ಸಿಕ್ತು, ಬೋಗಿ ಎಲ್ಲಿ ಅಂತ ಕೇಳಿದ್ರೆ ಅದಕ್ಕೆ ಕಂಟೇನರ್_ಆಫ್ ಅನ್ನೋ ಮ್ಯಾಕ್ರೋ (ಕಂಪೈಲ್ ಹೊತ್ತಲ್ಲಿ ಕೋಡಾಗಿ ಬಿಚ್ಕೊಳ್ಳೋ ಹೆಸರು) ಇದೆ. ಸ್ಟ್ರಕ್ಟ್ ಶುರುವಾದ ಜಾಗದಿಂದ ಕೊಂಡಿ ಎಷ್ಟು ಬೈಟ್ ದೂರ ಇದೆ ಅಂತ ಕಂಪೈಲರ್‌ಗೆ ಗೊತ್ತಿರುತ್ತೆ, ಕೊಂಡಿ ವಿಳಾಸದಿಂದ ಅಷ್ಟನ್ನ ಕಳೀತು, ಬೋಗಿ ಸಿಕ್ತು. ಒಂದು ವ್ಯವಕಲನ, ಅಷ್ಟೇ. ಮೊದಲು ನೋಡಿದಾಗ ಇದೇನಪ್ಪಾ ಕಣ್ಕಟ್ಟು ಅನ್ಸುತ್ತೆ, ಎರಡು ವಾರ ಬಳಸಿದ್ರೆ ಬೇರೆ ಥರದ ಲಿಸ್ಟ್ ನೋಡಿದಾಗ ಇವರ್ಯಾಕೆ ಹಿಂಗೆ ಕಷ್ಟ ಪಡ್ತಿದಾರೆ ಅನ್ಸುತ್ತೆ.

ಇನ್ನೊಂದು ಮೆಚ್ಚಿದ್ದು, ಇದು ಸುತ್ತು ಹೊಡೆಯೋ ಲಿಸ್ಟು. ಕೊನೇಲಿ ನಲ್ ಇಲ್ಲ, ಕೊನೆಯವನು ಮತ್ತೆ ತಲೆಯ ಕೈ ಹಿಡಿದಿರ್ತಾನೆ. ಖಾಲಿ ಲಿಸ್ಟ್ ಅಂದ್ರೆ ತಲೆ ತನ್ನ ಕೈಯನ್ನ ತಾನೇ ಹಿಡ್ಕೊಂಡಿರೋದು. ಹಾಗಾಗಿ ಮೊದಲನೆಯವನನ್ನ ತೆಗೆಯೋದಕ್ಕೂ ನಡುವಿನವನನ್ನ ತೆಗೆಯೋದಕ್ಕೂ ಕೋಡ್ ಒಂದೇ, ಇಫ್ ಎಲ್ಸ್ ಗೋಜಿಲ್ಲ. ತಲೆ ಆದ ಕೂಡ್ಲೇ ಸೇರಿಸ್ತೀರಾ, ಲಿಸ್ಟ್_ಆಡ್, ಕೊನೆಗೆ ಬಂದವ ಮೊದಲು ಹೋಗ್ತಾನೆ. ಬಾಲಕ್ಕೆ ಸೇರಿಸ್ತೀರಾ, ಲಿಸ್ಟ್_ಆಡ್_ಟೇಲ್, ಬಂದ ಕ್ರಮದಲ್ಲೇ ಸರದಿ. ಒಂದು ಪೂರ್ತಿ ಲಿಸ್ಟನ್ನ ಇನ್ನೊಂದಕ್ಕೆ ಜೋಡಿಸೋ ಸ್ಪ್ಲೈಸ್ ಇದೆಯಲ್ಲ, ಅದು ಹತ್ತು ಐಟಂ ಇದ್ರೂ ಹತ್ತು ಲಕ್ಷ ಇದ್ರೂ ಅದೇ ನಾಲ್ಕು ಪಾಯಿಂಟರ್ ಕೆಲಸ. ಸಾರ್ಟ್ ಮಾಡೋಕೂ ಲಿಸ್ಟ್_ಸಾರ್ಟ್ ಇದೆ, ಮರ್ಜ್ ಸಾರ್ಟು, ಸಮ ಇರೋರ ಹಳೇ ಕ್ರಮ ಕೆಡಿಸಲ್ಲ, ಚೆನ್ನಾಗಿದೆ.

ಇನ್ನು ಬೈಗುಳದ ಭಾಗ.

ಮೊದಲನೇದು ಶುರು ಮಾಡೋದು. ಸೊನ್ನೆ ತುಂಬಿದ ಮೆಮೊರಿ ಕೊಡುತ್ತಲ್ಲ ಕೆಝಡ್‌ಆಲಕ್, ಅದರಲ್ಲಿ ಸ್ಟ್ರಕ್ಟ್ ಮಾಡ್ಕೊಂಡು, ಎಲ್ಲಾ ಸೊನ್ನೆ ಇದೆ ಅಂದ್ಮೇಲೆ ಲಿಸ್ಟೂ ಖಾಲಿ ತಾನೇ ಅಂತ ಹೊರಟ್ರೆ ಕೆಟ್ರಿ. ಖಾಲಿ ಅಂದ್ರೆ ತನ್ನನ್ನೇ ತೋರಿಸ್ಬೇಕು, ಸೊನ್ನೆ ಅಲ್ಲ. ಲಿಸ್ಟ್_ಎಂಪ್ಟಿ ಕೇಳಿದ್ರೆ ಇಲ್ಲಪ್ಪ ಖಾಲಿ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೆ, ಒಳಗೆ ಕೈ ಹಾಕಿದ್ರೆ ನಲ್ ಪಾಯಿಂಟರ್, ಮಷಿನ್ ಢಮಾರ್. ಇನಿಟ್_ಲಿಸ್ಟ್_ಹೆಡ್ ಕರೆಯೋದು ಮರೆಯೋದು ಹೊಸಬರೆಲ್ಲ ಒಂದ್ಸಲ ಕಟ್ಟೋ ತೆರಿಗೆ.

ಎರಡನೇದು ಲಿಸ್ಟ್_ಆಡ್‌ಗೆ ಕೊಡೋ ಎರಡು ಆರ್ಗ್ಯುಮೆಂಟ್. ಮೊದಲು ಹೊಸಬ, ಆಮೇಲೆ ತಲೆ. ಎರಡರ ಟೈಪೂ ಒಂದೇ, ಲಿಸ್ಟ್_ಹೆಡ್ ಪಾಯಿಂಟರ್, ಉಲ್ಟಾ ಕೊಟ್ರೆ ಕಂಪೈಲರ್ ಕಮಕ್ ಕಿಮಕ್ ಅನ್ನಲ್ಲ. ಇದರ ಮಜಾ ಏನ್ ಗೊತ್ತಾ, ಹೊಸಬನ ಕೊಂಡಿಗೂ ಇನಿಟ್_ಲಿಸ್ಟ್_ಹೆಡ್ ಕರೆದಿದ್ರೆ, ಮೊದಲ ಐಟಂ ಸೇರಿಸಿದಾಗ ಉಲ್ಟಾ ಕೊಟ್ರೂ ಸರಿಯಾಗೇ ಕೆಲಸ ಮಾಡುತ್ತೆ, ಇಬ್ಬರೇ ಕೈ ಹಿಡಿದು ಸುತ್ತು ನಿಂತ್ರೆ ಯಾರು ಯಾರನ್ನ ಸೇರಿಸ್ಕೊಂಡ್ರು ಅನ್ನೋದು ಗೊತ್ತಾಗಲ್ಲ ನೋಡಿ. ಎರಡನೇದು ಸೇರಿಸಿದ ತಕ್ಷಣ ತಲೆ ಹೊಸಬನ ಜೊತೆ ಹೋಗುತ್ತೆ, ಹಳಬ ಅನಾಥ. ಅಂದ್ರೆ ಲಿಸ್ಟಲ್ಲಿ ಯಾವಾಗ ನೋಡಿದ್ರೂ ಕೊನೆಗೆ ಬಂದವನೊಬ್ಬನೇ. ಒಂದೇ ಐಟಂ ಇಟ್ಟು ಟೆಸ್ಟ್ ಮಾಡಿದವರಿಗೆ ಇದು ಸಿಗೋದೇ ಇಲ್ಲ. ಲಿಸ್ಟ್ ಕೆಟ್ಟಿದೆಯಾ ಅಂತ ಪರೀಕ್ಷೆ ಮಾಡೋ ಡೀಬಗ್_ಲಿಸ್ಟ್ ಅನ್ನೋ ಆಯ್ಕೆ ಆನ್ ಮಾಡಿದ್ರೂ ಹಿಡಿಯಲ್ಲ, ಯಾಕಂದ್ರೆ ಸೇರಿಸೋ ಹೊತ್ತಲ್ಲಿ ಹೊಸಬನ ಸುತ್ತು ತನ್ನ ಪಾಡಿಗೆ ತಾನು ಸರಿಯಾಗೇ ಇರುತ್ತೆ.

ಈ ವಿಷಯದಲ್ಲಿ ಬಿಎಸ್‌ಡಿ (ಯುನಿಕ್ಸ್ ಕುಟುಂಬದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕಡೆಯ ಕ್ಯೂ ಡಾಟ್ ಎಚ್ ಸ್ವಲ್ಪ ವಾಸಿ. ಅಲ್ಲಿ ತಲೆಗೆ ಬೇರೆ ಟೈಪು, ಕೊಂಡಿಗೆ ಬೇರೆ ಟೈಪು, ಯಾವ ಸ್ಟ್ರಕ್ಟಿನ ಸಾಲು ಅಂತ ತಲೆಯಲ್ಲೇ ಬರೆದಿರುತ್ತೆ, ತಪ್ಪು ವಸ್ತು ಹಾಕಿದ್ರೆ ಕಂಪೈಲರ್ ಕಿರುಚುತ್ತೆ. ಎಸ್‌ಲಿಸ್ಟ್, ಲಿಸ್ಟ್, ಎಸ್‌ಟೇಲ್‌ಕ್ಯೂ, ಟೇಲ್‌ಕ್ಯೂ ಅಂತ ನಾಲ್ಕು ಮಾಡೆಲ್. ಆದ್ರೆ ಓದೋಕೆ ಹೋದ್ರೆ ಎಲ್ಲಾ ದೊಡ್ಡಕ್ಷರದ ಮ್ಯಾಕ್ರೋ, ಕಣ್ಣಿಗೆ ಯಾರೋ ಜಗಳ ಆಡ್ತಿರೋ ಹಾಗೆ ಕಾಣುತ್ತೆ. ವಿಂಡೋಸ್ ಕರ್ನಲ್‌ನಲ್ಲೂ ಲಿಸ್ಟ್_ಎಂಟ್ರಿ ಅಂತ ನಮ್ಮದರ ಅವಳಿಯೇ ಇದೆ, ನೆಕ್ಸ್ಟ್ ಪ್ರೀವ್ ಬದಲು ಫ್ಲಿಂಕ್ ಬ್ಲಿಂಕ್. ಅಲ್ಲಿ ಕೊಂಡಿ ಕೆಟ್ಟಿದ್ದು ಕಂಡ್ರೆ ಮುಲಾಜಿಲ್ಲದೆ ನೀಲಿ ಸ್ಕ್ರೀನ್, ಸ್ಟಾಪ್ ಕೋಡ್ 139.

ಈಗ ನನ್ನ ಐದನೇ ಸ್ಟಾರ್ ನುಂಗಿದ ವಿಷಯಕ್ಕೆ ಬರ್ತೀನಿ. ಲಿಸ್ಟ್ ಮೇಲೆ ಓಡಾಡೋಕೆ ಲಿಸ್ಟ್_ಫಾರ್_ಈಚ್_ಎಂಟ್ರಿ ಅಂತ ಒಂದು ಮ್ಯಾಕ್ರೋ ಇದೆ. ಅದರ ಪಕ್ಕದಲ್ಲೇ, ಕೊನೇಲಿ _ಸೇಫ್ ಅಂತ ಬಾಲ ಇರೋದು ಇನ್ನೊಂದಿದೆ. ಸೇಫ್ ಅಂದ್ರೆ ಯಾವುದರಿಂದ ಸೇಫು? ಓಡಾಡ್ತಾ ಓಡಾಡ್ತಾ ನೀವೇ, ನಿಮ್ಮ ಕೈಯಾರೆ, ಈಗ ನಿಂತಿರೋ ಐಟಂ ಕಿತ್ತು ಹಾಕಿದ್ರೆ ದಾರಿ ತಪ್ಪಲ್ಲ, ಮುಂದಿನವನ ವಿಳಾಸ ಮೊದಲೇ ಬರೆದಿಟ್ಕೊಂಡಿರುತ್ತೆ, ಅಷ್ಟು ಮಾತ್ರಕ್ಕೆ ಸೇಫು. ಬೇರೆ ಥ್ರೆಡ್ (ಜೊತೆಜೊತೆಗೇ ಓಡ್ತಿರೋ ಇನ್ನೊಂದು ಕೋಡ್) ಬಂದು ಕಿತ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆಸರು ನೋಡಿ ನಂಬಿದ್ದು ನನ್ನ ತಪ್ಪೇ, ಒಪ್ತೀನಿ, ಆದ್ರೆ ಹೆಸರು ಇಟ್ಟವರದ್ದೂ ಒಂಚೂರು ಪಾಲಿದೆ.

ಆಗಿದ್ದೇನಂದ್ರೆ, ಹಿಂದೆ ಒಂದು ಕಂಪನಿಯಲ್ಲಿದ್ದಾಗ ಒಂದು ಡ್ರೈವರ್‌ನಲ್ಲಿ ಪೆಂಡಿಂಗ್ ರಿಕ್ವೆಸ್ಟ್‌ಗಳ ಲಿಸ್ಟ್ ಇಟ್ಟಿದ್ದೆ. ಹಾರ್ಡ್‌ವೇರ್ ಉತ್ತರ ಕೊಡದೆ ಹೊತ್ತು ಮೀರಿದ್ರೆ ಟೈಮೌಟ್ ಕೋಡ್ ಬಂದು ಲಿಸ್ಟ್ ಸುತ್ತಿ, ಹಳೇದಾದ ಒಂದೊಂದನ್ನೂ ಕಿತ್ತು ಫೇಲ್ ಅಂತ ವಾಪಸ್ ಕಳಿಸ್ಬೇಕು. ವಾಪಸ್ ಕಳಿಸೋ ಫಂಕ್ಷನ್ ನಿದ್ದೆ ಮಾಡಬಹುದು, ಲಾಕ್ ಹಿಡ್ಕೊಂಡು ಕರೆಯೋ ಹಾಗಿಲ್ಲ. ನಾನೇನ್ಮಾಡ್ದೆ, _ಸೇಫ್ ಲೂಪ್ ಒಳಗೆ ಐಟಂ ಕಿತ್ತೆ, ಲಾಕ್ ಬಿಟ್ಟೆ, ಫಂಕ್ಷನ್ ಕರೆದೆ, ಮತ್ತೆ ಲಾಕ್ ಹಿಡಿದೆ, ಲೂಪ್ ಮುಂದುವರೀತು. ಸೇಫ್ ಅಂತ ಬರೆದಿದೆಯಲ್ಲ! ರಿವ್ಯೂ ಮಾಡಿದ ಇಬ್ಬರೂ ಓಕೆ ಅಂದ್ರು.

ಎರಡು ಮೂರು ದಿನಕ್ಕೊಂದ್ಸಲ ಮಷಿನ್ ಬೀಳೋಕೆ ಶುರುವಾಯ್ತು. ಅದೂ ನಮ್ಮ ಡೆಸ್ಕ್ ಮೇಲೆ ಅಲ್ಲ, ಲೋಡ್ ಇರೋ ಕಡೆ ಮಾತ್ರ. ಮೊದಲ ವಾರ ಪೂರ್ತಿ ಫರ್ಮ್‌ವೇರ್ ಟೀಮಿನವರನ್ನ ಕಾಡಿದ್ವಿ, ನಿಮ್ಮ ಡಿವೈಸು ಕಸ ಬರೀತಿದೆ, ಡಿಎಂಎ (ಡಿವೈಸು ನೇರವಾಗಿ ಮೆಮೊರಿಗೆ ಬರೆಯೋ ದಾರಿ) ನೋಡ್ಕೊಳ್ಳಿ ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಕೊನೆಗೆ ನಮ್ಮಲ್ಲಿದ್ದ ಒಬ್ಬರು ಹಿರಿಯರು ಊಪ್ಸ್ ಲಾಗ್ (ಕರ್ನಲ್ ಬಿದ್ದಾಗ ಬರೆದಿಡೋ ವರದಿ) ತರಿಸ್ಕೊಂಡು ಬೇರೆ ಏನೂ ಓದಲಿಲ್ಲ, ಫಾಲ್ಟ್ ಆದ ವಿಳಾಸ ಒಂದನ್ನೇ ನೋಡಿದ್ರು. ಹೆಕ್ಸ್‌ನಲ್ಲಿ "ಡೆಡ್" ಅಂತ ಶುರುವಾಗಿ, ಉದ್ದಕ್ಕೆ ಸೊನ್ನೆ ಸಾಲು, ಕೊನೇಲಿ 100. "ಇದು ಕಸ ಅಲ್ಲ ಕಣೋ, ಇದು ಕಾಗದ ಬರೆದಿಟ್ಟು ಹೋಗಿರೋದು" ಅಂದ್ರು.

ವಿಷಯ ಇಷ್ಟು. ಲಿಸ್ಟ್_ಡೆಲ್ ಮಾಡಿದಾಗ ಕರ್ನಲ್ ಸುಮ್ನೆ ಕೊಂಡಿ ಬಿಚ್ಚಿ ಬಿಡಲ್ಲ, ಬಿಚ್ಚಿದ ಐಟಂನ ನೆಕ್ಸ್ಟ್‌ಗೂ ಪ್ರೀವ್‌ಗೂ ವಿಷ ಹಾಕುತ್ತೆ, ಹೆಸರೇ ಲಿಸ್ಟ್_ಪಾಯ್ಸನ್. 64 ಬಿಟ್ ಎಕ್ಸ್86ನಲ್ಲಿ ನೆಕ್ಸ್ಟ್‌ಗೆ 100ರಲ್ಲಿ ಮುಗಿಯೋ ವಿಳಾಸ, ಪ್ರೀವ್‌ಗೆ 122ರಲ್ಲಿ ಮುಗಿಯೋದು. ಪ್ರಾಸೆಸರ್ ಯಾವತ್ತೂ ಒಪ್ಪದ ವಿಳಾಸ ಅದು, ಮುಟ್ಟಿದ ಕ್ಷಣ ಫಾಲ್ಟ್ ಆಗ್ಲೇಬೇಕು. ಅಂದ್ರೆ ಆ ವಿಳಾಸ ಲಾಗಲ್ಲಿ ಕಂಡ್ರೆ, ಲಿಸ್ಟಿಂದ ಆಗಲೇ ಕಿತ್ತಿರೋ ಐಟಂ ಮೇಲೆ ಯಾರೋ ಇನ್ನೂ ನಡೀತಿದಾರೆ ಅಂತ ಅರ್ಥ. ನಾನು ಲಾಕ್ ಬಿಟ್ಟ ಆ ಒಂದು ಗಳಿಗೆಯಲ್ಲಿ, ರಿಕ್ವೆಸ್ಟ್ ರದ್ದು ಮಾಡೋ ಕ್ಯಾನ್ಸಲ್ ಕೋಡ್ ಬಂದು, ನಾನು "ಮುಂದಿನವನು" ಅಂತ ಬರೆದಿಟ್ಕೊಂಡಿದ್ದ ಐಟಂನೇ ಕಿತ್ಕೊಂಡು ಹೋಗಿತ್ತು. ನನ್ನ ಚೀಟಿಯಲ್ಲಿ ಇದ್ದಿದ್ದು ಮನೆ ಖಾಲಿ ಮಾಡಿದವನ ವಿಳಾಸ.

ವಿಷ ಹಾಕೋ ಈ ಒಂದು ಫೀಚರ್‌ಗೆ ನಾನು ಬೇರೇನೇ ಸ್ಟಾರ್ ಕೊಡ್ತೀನಿ. ಇಲ್ಲದಿದ್ರೆ ಆ ಬಗ್ ಇವತ್ತಿಗೂ ಹುಡುಕ್ತಾ ಇರ್ತಿದ್ವೇನೋ.

ಸರಿ, ಕಾರಣ ಸಿಕ್ತು, ಮೊದಲ ರಿಪೇರಿ ನಾನೇ ಮಾಡ್ದೆ. ಲಾಕ್ ಹಿಡಿದು ಪೂರ್ತಿ ಲಿಸ್ಟನ್ನ ಸ್ಪ್ಲೈಸ್ ಮಾಡಿ ನನ್ನದೇ ಒಂದು ಲೋಕಲ್ ತಲೆಗೆ ಹಾಕ್ಕೊಂಡು, ಲಾಕ್ ಬಿಟ್ಟು, ನಿಧಾನಕ್ಕೆ ಒಂದೊಂದೇ ಮುಗಿಸೋದು. ಎಲ್ಲಾ ಕಡೆ ಹೀಗೇ ಮಾಡ್ತಾರೆ, ತುಂಬಾ ಕಡೆ ಸರಿ ಕೂಡ. ಕ್ರ್ಯಾಶ್ ಎರಡು ದಿನಕ್ಕೊಂದು ಇದ್ದಿದ್ದು ಎರಡು ವಾರಕ್ಕೊಂದಾಯ್ತು. ನಿಲ್ಲಲಿಲ್ಲ! ಯಾಕೆ? ಕ್ಯಾನ್ಸಲ್ ಮಾಡೋನು ಲಿಸ್ಟ್ ಸುತ್ತಿ ಹುಡುಕ್ತಿರಲಿಲ್ಲ, ಅವನ ಕೈಲಿ ರಿಕ್ವೆಸ್ಟಿನ ಪಾಯಿಂಟರೇ ಇತ್ತು. ಅವನು ಲಾಕ್ ಹಿಡಿದು ನೇರ ಲಿಸ್ಟ್_ಡೆಲ್ ಅನ್ನೋನು. ಲಿಸ್ಟ್_ಡೆಲ್‌ಗೆ ಯಾವ ಲಿಸ್ಟು ಅಂತ ಹೇಳೋದೇ ಬೇಡವಲ್ಲ, ಅಕ್ಕಪಕ್ಕದವರ ಕೈ ಬಿಡಿಸಿ ಅವರಿಬ್ಬರ ಕೈ ಸೇರಿಸುತ್ತೆ ಅಷ್ಟೇ. ಹಾಗಾಗಿ ಆ ಐಟಂ ನನ್ನ ಲೋಕಲ್ ಲಿಸ್ಟಲ್ಲಿದ್ರೂ ಅಲ್ಲಿಂದಲೇ ಕಿತ್ಕೊಂಡು ಹೋಗ್ತಿದ್ದ, ನಾನು ಆ ಹೊತ್ತಿಗೆ ಲಾಕ್ ಇಲ್ಲದೆ ಅದರ ಮೇಲೆ ನಡೀತಿದ್ದೆ. ಬೀಗ ಹಾಕಿದ್ದು ಹಳೇ ಮನೆಗೆ, ಸಾಮಾನೆಲ್ಲ ಬೀದಿಯಲ್ಲಿ.

ಕೊನೆಗೆ ನಿಂತ ರಿಪೇರಿ ನೋಡೋಕೆ ತೀರಾ ಸಾಧಾರಣ. ಲೂಪೇ ಬೇಡ. ಲಾಕ್ ಹಿಡಿ, ಲಿಸ್ಟ್ ಖಾಲಿ ಇಲ್ಲ ಅಂದ್ರೆ ಮೊದಲನೆಯವನನ್ನ ಮಾತ್ರ ತಗೋ, ಅವನ ರೆಫರೆನ್ಸ್ ಕೌಂಟ್ (ಎಷ್ಟು ಜನ ಅವನನ್ನ ಹಿಡಿದಿದಾರೆ ಅನ್ನೋ ಲೆಕ್ಕ) ಒಂದು ಏರಿಸು, ಲಿಸ್ಟ್_ಡೆಲ್_ಇನಿಟ್‌ನಿಂದ ಕಿತ್ತು ಹಾಕು, ಲಾಕ್ ಬಿಡು, ಕೆಲಸ ಮುಗಿಸು, ಕೌಂಟ್ ಇಳಿಸು, ಮತ್ತೆ ಮೊದಲಿಂದ ತಲೆಯನ್ನೇ ಕೇಳು. "ಮುಂದಿನವನು" ಅಂತ ಯಾರ ವಿಳಾಸಾನೂ ಜೇಬಲ್ಲಿ ಇಟ್ಕೋಬೇಡ. ಡೆಲ್ ಬದಲು ಡೆಲ್_ಇನಿಟ್ ಯಾಕಂದ್ರೆ ಅದು ವಿಷ ಹಾಕೋ ಬದಲು ಕೊಂಡಿಯನ್ನ ತನಗೆ ತಾನೇ ಸಿಕ್ಕಿಸಿ ಬಿಡುತ್ತೆ, ಆಗ ಕ್ಯಾನ್ಸಲ್ ಮಾಡೋನು ಲಾಕ್ ಹಿಡಿದು ಐಟಂ ಕೊಂಡಿಯನ್ನೇ ಲಿಸ್ಟ್_ಎಂಪ್ಟಿಯಾ ಅಂತ ಕೇಳಿದ್ರೆ ಸಾಕು, ಆಗಲೇ ಬೇರೆಯವರು ತಗೊಂಡು ಹೋಗಿದಾರೋ ಇಲ್ವೋ ಗೊತ್ತಾಗುತ್ತೆ. ರೆಫರೆನ್ಸ್ ಕೌಂಟ್ ಯಾಕಂದ್ರೆ ನಾನು ಕೈಯಲ್ಲಿ ಹಿಡಿದಿರೋದನ್ನ ಅವನು ಫ್ರೀ ಮಾಡಿಬಿಡಬಾರದು.

ಇದೇ ನೋಡಿ ಈ ಪ್ರಾಡಕ್ಟಿನ ನಿಜವಾದ ಸ್ವಭಾವ. ಲಿಸ್ಟಲ್ಲಿದೆ ಅಂದ ಮಾತ್ರಕ್ಕೆ ಲಿಸ್ಟು ಅದರ ಯಜಮಾನ ಅಲ್ಲ. ಯಾರು ಇಟ್ಟರು, ಯಾರು ಫ್ರೀ ಮಾಡ್ತಾರೆ, ಯಾವ ಲಾಕು, ಏನೂ ಅದಕ್ಕೆ ಗೊತ್ತಿಲ್ಲ, ಕೇಳೋದೂ ಇಲ್ಲ. ಅದೆಷ್ಟು ದೂರ ಹೋಗುತ್ತೆ ಅಂದ್ರೆ, ಕೆಲವು ರೂಟ್‌ಕಿಟ್‌ಗಳು (ಅಡಗಿ ಕೂರೋ ದುಷ್ಟ ಪ್ರೋಗ್ರಾಂಗಳು) ಕರ್ನಲ್ ಒಳಗೆ ಬಂದ ತಕ್ಷಣ ಮಾಡೋ ಮೊದಲ ಕೆಲಸ ಮಾಡ್ಯೂಲ್‌ಗಳ ಲಿಸ್ಟಿಂದ ತಮ್ಮನ್ನ ತಾವೇ ಲಿಸ್ಟ್_ಡೆಲ್ ಮಾಡ್ಕೊಳ್ಳೋದು. ಮಾಡ್ಯೂಲ್‌ಗಳ ಪಟ್ಟಿ ತೋರಿಸೋ ಎಲ್ಎಸ್‌ಮಾಡ್ ಕಮಾಂಡ್ ಹಾಕಿದ್ರೆ ಕಾಣಲ್ಲ, ಕೋಡ್ ಮಾತ್ರ ಒಳಗೆ ಆರಾಮಾಗಿ ಓಡ್ತಿರುತ್ತೆ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದ್ರೆ ಆಸಾಮಿ ಕ್ಲಾಸಲ್ಲಿಲ್ಲ ಅಂತ ಅಲ್ವಲ್ಲ.

ಲೂಪ್ ಬಗ್ಗೆ ಇನ್ನೊಂದು ದೂರು ಇದೆ. ಹುಡುಕಿದ್ದು ಸಿಗದೆ ಲೂಪ್ ಪೂರ್ತಿ ಸುತ್ತಿ ಹೊರಗೆ ಬಂದ್ರೆ, ಲೂಪ್ ಪಾಯಿಂಟರ್ ನಲ್ ಆಗಿರುತ್ತೆ ಅಂದ್ಕೊಂಡ್ರೆ ಆಗಿರಲ್ಲ, ತಲೆಯಿಂದ ಆಫ್‌ಸೆಟ್ ಕಳೆದು ಸಿಕ್ಕ ಎಲ್ಲೋ ಒಂದು ಜಾಗ ತೋರಿಸ್ತಿರುತ್ತೆ, ಅಲ್ಲಿ ನಿಮ್ಮ ಐಟಂ ಇಲ್ಲವೇ ಇಲ್ಲ, ನೋಡೋಕೆ ಮಾತ್ರ ಸರಿಯಾದ ಪಾಯಿಂಟರ್ ಥರಾನೇ ಇರುತ್ತೆ. ಖಾಲಿ ಲಿಸ್ಟಲ್ಲಿ ಲಿಸ್ಟ್_ಫಸ್ಟ್_ಎಂಟ್ರಿ ಕೇಳಿದ್ರೂ ಇದೇ ಕಥೆ, ಅದಕ್ಕೆ _ಆರ್_ನಲ್ ಅಂತ ಇರೋದನ್ನೇ ಬಳಸಿ. ಈ ಲೂಪ್ ಪಾಯಿಂಟರ್ ಗಲಾಟೆ 2022ರಲ್ಲಿ ದೊಡ್ಡದಾಗಿ ಚರ್ಚೆಗೆ ಬಂದು, ಲೂಪ್ ಒಳಗೇ ವೇರಿಯಬಲ್ ಹುಟ್ಟಿ ಲೂಪಲ್ಲೇ ಸಾಯೋ ಹಾಗೆ ಮಾಡೋಣ ಅಂದ್ರೆ ಹಳೇ ಸಿ ಸ್ಟ್ಯಾಂಡರ್ಡ್‌ನಲ್ಲಿ ಆಗಲ್ಲ ಅಂತಾಗಿ, ಕೊನೆಗೆ ಇಡೀ ಕರ್ನಲ್ಲೇ 5.18 ವರ್ಷನ್‌ನಲ್ಲಿ ಸಿ89 ಬಿಟ್ಟು ಸಿ11ಗೆ ಬಂತು. ಒಂದು ಲಿಂಕ್ಡ್ ಲಿಸ್ಟ್ ಲೂಪಿನ ದೆಸೆಯಿಂದ ಕರ್ನಲ್ ಭಾಷೆನೇ ಬದಲಾಯ್ತು ಅಂದ್ರೆ ಸಣ್ಣ ಮಾತಾ?

ಸ್ಪೀಡ್ ಬಗ್ಗೆ. ಸೇರಿಸೋದು ಕೀಳೋದು ಗುಂಡು ಹೊಡೆದ ಹಾಗೆ. ಹುಡುಕೋದು ಮಾತ್ರ ದಂಡ, ಒಬ್ಬೊಬ್ಬರನ್ನೇ ಕೇಳ್ತಾ ಹೋಗ್ಬೇಕು, ಪ್ರತಿಯೊಬ್ಬನೂ ಮೆಮೊರಿಯ ಒಂದೊಂದು ಮೂಲೆಯಲ್ಲಿ, ಕ್ಯಾಶ್ ಮಿಸ್ ಮೇಲೆ ಕ್ಯಾಶ್ ಮಿಸ್, ಅಂದ್ರೆ ಪ್ರಾಸೆಸರ್ ಪಕ್ಕದ ವೇಗದ ಮೆಮೊರಿಯಲ್ಲಿ ಸಿಗದೆ ದೂರದಿಂದ ತರಬೇಕು. ಮುಂದಿನವನನ್ನ ಮೊದಲೇ ಕ್ಯಾಶ್‌ಗೆ ಎಳೆಯೋಕೆ ಲೂಪ್ ಮ್ಯಾಕ್ರೋ ಒಳಗೆ ಪ್ರೀಫೆಚ್ ಇತ್ತು ಹಿಂದೆ, 2011ರಲ್ಲಿ ಕಿತ್ತು ಹಾಕಿದ್ರು, ಅಳೆದು ನೋಡಿದ್ರೆ ಸಹಾಯಕ್ಕಿಂತ ಉಪದ್ರವೇ ಜಾಸ್ತಿ. ಸಾಲು ಉದ್ದ ಆಗಿ ಹುಡುಕಾಟ ಜಾಸ್ತಿ ಆದ ಕಡೆಯೆಲ್ಲ ಕರ್ನಲ್‌ನವರೇ ಲಿಸ್ಟ್ ಬಿಟ್ಟು ಮರ (ಕವಲೊಡೆಯೋ ಟ್ರೀ ರಚನೆ) ಹತ್ತಿದಾರೆ. 2007ರಲ್ಲಿ 2.6.23 ಜೊತೆ ಬಂದ ಶೆಡ್ಯೂಲರ್ (ಯಾರಿಗೆ ಯಾವಾಗ ಪ್ರಾಸೆಸರ್ ಕೊಡಬೇಕು ಅಂತ ಹೇಳೋದು) ರೆಡ್ ಬ್ಲ್ಯಾಕ್ ಮರಕ್ಕೆ ಹೋಯ್ತು, ಪ್ರಾಸೆಸ್‌ನ ಮೆಮೊರಿ ಏರಿಯಾಗಳನ್ನ ಪೋಣಿಸಿದ್ದ ಲಿಸ್ಟು 2022ರ 6.1ರಲ್ಲಿ ಮೇಪಲ್ ಮರ ಬಂದ ಮೇಲೆ ಹೋಯ್ತು. ಆದ್ರೆ ರಿಯಲ್‌ಟೈಮ್ ಶೆಡ್ಯೂಲರ್ ಇವತ್ತಿಗೂ 100 ಪ್ರಯಾರಿಟಿಗೆ 100 ಲಿಸ್ಟ್ ಇಟ್ಕೊಂಡು, ಯಾವುದರಲ್ಲಿ ಜನ ಇದಾರೆ ಅಂತ ಒಂದು ಬಿಟ್‌ಮ್ಯಾಪ್ (ಲಿಸ್ಟಿಗೊಂದು ಬಿಟ್) ಇಟ್ಕೊಂಡು ಜೋರಾಗಿ ನಡೀತಿದೆ, ಅಲ್ಲಿ ಹುಡುಕೋ ಕೆಲಸ ಇಲ್ಲ, ಸಾಲಿನ ಮೊದಲನೆಯವನನ್ನ ಎತ್ಕೊಂಡ್ರಾಯ್ತು.

ಜೊತೆಗೆ ಬರೋ ಸಣ್ಣ ಮಾಡೆಲ್‌ಗಳು. ಎಚ್‌ಲಿಸ್ಟ್, ಹ್ಯಾಶ್ ಟೇಬಲ್‌ಗೆ (ಬೇಗ ಹುಡುಕೋಕೆ ಐಟಂಗಳನ್ನ ಬಕೆಟ್‌ಗಳಲ್ಲಿ ಹಂಚಿಡೋ ಕೋಷ್ಟಕ) ಮಾಡಿದ್ದು, ತಲೆಗೆ ಒಂದೇ ಪಾಯಿಂಟರು. 65,536 ಬಕೆಟ್ ಇದ್ರೆ ಮಾಮೂಲಿ ತಲೆಗೆ ಒಂದು ಎಂಬಿ ಬೇಕಾಗಿದ್ದು ಅರ್ಧಕ್ಕೆ ಬರುತ್ತೆ, ಬಕೆಟ್ ಎಲ್ಲಾ ಬಹುಪಾಲು ಖಾಲಿನೇ ಇರೋದ್ರಿಂದ ಒಳ್ಳೇ ಉಳಿತಾಯ. ಎಲ್ಎಲ್‌ಲಿಸ್ಟ್, ಲಾಕೇ ಬೇಡ, ಎಷ್ಟು ಜನ ಬೇಕಾದ್ರೂ ಒಟ್ಟಿಗೆ ತಳ್ಳಬಹುದು, ತೆಗೆಯೋನು ಒಂದೇ ಏಟಿಗೆ ಪೂರ್ತಿ ಬಾಚ್ಕೊಂಡು ಹೋಗ್ತಾನೆ, ಆದ್ರೆ ಉಲ್ಟಾ ಕ್ರಮದಲ್ಲಿ ಸಿಗುತ್ತೆ, ತಿರುಗಿಸ್ಕೋಬೇಕು. ಓದೋರು ಜಾಸ್ತಿ ಬರೆಯೋರು ಕಮ್ಮಿ ಇದ್ರೆ ಆರ್‌ಸಿಯು ಮಾಡೆಲ್, ಓದೋರಿಗೆ ಲಾಕೇ ಇಲ್ಲ. ಅಲ್ಲಿ ಕಿತ್ತಾಗ ಪ್ರೀವ್‌ಗೆ ಮಾತ್ರ ವಿಷ, ನೆಕ್ಸ್ಟ್ ಹಾಗೇ ಬಿಡ್ತಾರೆ, ಯಾಕಂದ್ರೆ ಆಗಲೇ ಅದರ ಮೇಲೆ ನಿಂತಿರೋ ಓದುಗ ಮುಂದಕ್ಕೆ ದಾಟ್ಕೋಬೇಕಲ್ಲ. ಹಳೇ ಓದುಗರೆಲ್ಲ ದಾಟಿ ಹೋಗೋವರೆಗೆ ಕಾದು ಆಮೇಲೆ ಫ್ರೀ ಮಾಡ್ಬೇಕು, ಅವಸರ ಮಾಡಿದ್ರೆ ಮೇಲಿನ ನನ್ನ ಕಥೆನೇ ನಿಮ್ಮದೂ.

ತಗೋಬಹುದಾ ಅಂತ ಕೇಳಿದ್ರೆ, ಕರ್ನಲ್ ಒಳಗಿದ್ರೆ ಇದನ್ನೇ ಬಳಸಿ, ಸ್ವಂತ ಲಿಸ್ಟ್ ಬರೆಯೋಕೆ ಹೋಗ್ಬೇಡಿ, ರಿವ್ಯೂ ಮಾಡೋರು ಒಪ್ಪೋದೂ ಇಲ್ಲ. ಡೆವಲಪ್ ಮಾಡೋವಾಗ ಡೀಬಗ್_ಲಿಸ್ಟ್ ಆನ್ ಮಾಡಿಡಿ, ಒಂದೇ ಐಟಂ ಬೆನ್ನುಬೆನ್ನಿಗೆ ಎರಡು ಸಲ ಸೇರಿಸಿದ್ರೆ, ಎರಡು ಸಲ ಕಿತ್ರೆ ಅಲ್ಲೇ ಕೂಗಿ ಹೇಳುತ್ತೆ. 6.6ರಿಂದ ಲಿಸ್ಟ್_ಹಾರ್ಡನ್ಡ್ ಅಂತ ಹಗುರವಾದದ್ದೂ ಬಂದಿದೆ, ಪ್ರೊಡಕ್ಷನ್‌ನಲ್ಲೂ ಇಟ್ಕೋಬಹುದು. ಪ್ರತಿ ತಲೆಯ ಪಕ್ಕ ಇದಕ್ಕೆ ಯಾವ ಲಾಕು ಅಂತ ಒಂದು ಸಾಲು ಕಾಮೆಂಟ್ ಬರೀರಿ, ನಾನು ಆ ಡ್ರೈವರ್‌ನಲ್ಲಿ ಬರೆದಿರಲಿಲ್ಲ, ಆಮೇಲೆ ಬರೆದೆ. ನಾಲ್ಕು ಸ್ಟಾರ್. ಆ _ಸೇಫ್ ಅನ್ನೋ ಬಾಲ ಕತ್ತರಿಸಿ ಬೇರೆ ಹೆಸರು ಇಟ್ಟ ದಿನ ಬಂದು ಐದು ಮಾಡ್ತೀನಿ.